ಸ್ಲಿಮ್ ಎಂಬ ಪದ ಬಂದ ದಾರಿ

ಗಂಗಾವತಿ
ಜೂನ್ 10, 2024

ಅಣ್ಣಾ,

ನಿನ್ನ ಕಿವಿಯ ಯಂತ್ರ ರಿಪೇರಿಯಾಯಿತೋ ಇಲ್ಲವೋ? ಹೋದ ವಾರ ಫೋನಿನಲ್ಲಿ ನಾನು "ವಿರುಪಣ್ಣ ಅಂಗಡಿಗಿ ಹೋಗ್ಯಾನ" ಎಂದರೆ, ನೀನು "ಯಾವಾಗ ಹೋದ? ಮಣ್ಣು ಎಷ್ಟೊತ್ತಿಗೆ?" ಎಂದು ಅಳಲು ಶುರು ಮಾಡಿದೆ. ನನ್ನ ಮಗ ಇನ್ನೂ ಗಟ್ಟಿಯಾಗಿದ್ದಾನೆ. ಇನ್ನು ಮುಂದೆ ನನಗೂ ನಿನಗೂ ಕಾಗದವೇ ಸರಿ. ನನ್ನ ಫೋನು ಪಡಸಾಲೆಯಲ್ಲಿ ಇರುತ್ತದೆ, ಮನೆಯವರ ಕಿವಿಗಳೂ ಅಲ್ಲೇ ಇರುತ್ತವೆ.

ಇಲ್ಲಿ ಎಲ್ಲರೂ ಆರಾಮ. ವಿರುಪಣ್ಣನ ದೊಡ್ಡ ಮಗಳು ದೀಪಿಕಾಗೆ ಇಪ್ಪತ್ಮೂರು ತುಂಬಿತು. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಮಕ್ಕಳು ಟೀಚರ್ ಟೀಚರ್ ಎಂದು ಮನೆಯವರೆಗೂ ಬರುತ್ತಾರೆ. ಸಣ್ಣವಳು ಕವಿತಾ ಪಿಯುಸಿ ಎರಡನೆಯ ವರ್ಷ. ನರ್ಸಿಂಗ್ ಓದುತ್ತೇನೆ ಎಂದು ಈಗಿನಿಂದಲೇ ನನ್ನ ನಾಡಿ ಹಿಡಿದು ನೋಡುತ್ತಾಳೆ.

ಕುಷ್ಟಗಿ ಕಡೆಯ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಸರಕಾರಿ ನೌಕರಿ, ಹೊಲವೂ ಇದೆ. ನಡುವೆ ನಿಂತು ಮಾತಾಡುವವನು ಪಕ್ಕೀರಪ್ಪ. ಅವರಿಗೆ ಸ್ಲಿಮ್ ಹುಡುಗಿ ಬೇಕಂತೆ. ಹಾಗೆಂದು ವಿರುಪಣ್ಣ ಫೋನಿನಲ್ಲಿ ಬರೆದು ನೆಂಟರಿಗೆಲ್ಲ ಕಳಿಸಿದ್ದಾನೆ. ಸ್ಲಿಮ್ ಎಂದರೆ ತೆಳ್ಳಗೆ ಎಂದು ನನಗೂ ಗೊತ್ತು. ಆದರೆ ಎಷ್ಟು ತೆಳ್ಳಗೆ? ಅದು ಒಳ್ಳೆಯ ಮಾತೋ ಕೆಟ್ಟ ಮಾತೋ? ನೀನು ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದವನು. ಪೂರ್ತಿ ಅರ್ಥ ಬರೆದು ಕಳಿಸು.

ಬೇಗ ಬರಿ.

ನಿನ್ನ ತಂಗಿ
ಸಣ್ಣವ್ವ

*

ಕುಕನೂರು
ಜೂನ್ 15, 2024

ತಂಗೀ,

ನೀನು ಕೇಳಿದ್ದು ಸಣ್ಣ ಪ್ರಶ್ನೆ. ಉತ್ತರ ಸಣ್ಣದಲ್ಲ. ಚಹಾ ಇಟ್ಟುಕೊಂಡು ಕುಳಿತು ಓದು.

ನನ್ನಲ್ಲಿ ಎರಡು ಕೈಯಿಂದ ಎತ್ತಬೇಕಾದ ಒಂದು ಹಳೆಯ ನಿಘಂಟಿದೆ. ಕೊಪ್ಪಳದ ಒಬ್ಬ ವಕೀಲರ ಮನೆಯಿಂದ ರದ್ದಿಗೆ ಹೊರಟಿದ್ದನ್ನು ತಡೆದು, ಸೈಕಲ್ಲಿಗೆ ಕಟ್ಟಿಕೊಂಡು ತಂದದ್ದು. ನಿನ್ನ ಕಾಗದ ಬಂದ ದಿನವೇ ಅದನ್ನು ಇಳಿಸಿದೆ. ಸ್ಲಿಮ್ ಎಂಬ ಪದ ಹುಟ್ಟಾ ಇಂಗ್ಲಿಷಿನದಲ್ಲ. ಮುನ್ನೂರೈವತ್ತು ವರ್ಷದ ಹಿಂದೆ ಹಾಲೆಂಡಿನ ಡಚ್ಚರಿಂದ ಕಡ ತಂದದ್ದು. ಡಚ್ಚರಲ್ಲಿ ಅದಕ್ಕೆ ತೆಳ್ಳಗೆ ಎಂಬ ಅರ್ಥ ಇರಲೇ ಇಲ್ಲ. ಸೊಟ್ಟ, ಓರೆ ಎಂದಿತ್ತು. ಸೊಟ್ಟಗಿದ್ದದ್ದು ಕೆಟ್ಟದ್ದು ತಾನೆ? ಹಾಗಾಗಿ ಕೆಟ್ಟದ್ದು ಎಂದಾಯಿತು. ಪಕ್ಕದ ಜರ್ಮನರ ಬಾಯಲ್ಲಿ ಅದರ ಸೋದರ ಪದಕ್ಕೆ ಇವತ್ತಿಗೂ ಕೆಟ್ಟದ್ದು ಎಂದೇ ಅರ್ಥ. ಡಚ್ಚರ ಬಾಯಲ್ಲಿ ಕೆಟ್ಟವನು ಕಪಟಿಯಾದ, ಕಪಟಿ ಜಾಣನಾದ. ಈಗ ಅಲ್ಲಿ ಒಬ್ಬನನ್ನು ಸ್ಲಿಮ್ ಎಂದರೆ ಬುದ್ಧಿವಂತ ಎಂದಂತೆ. ಇಂಗ್ಲಿಷರು ಮಾತ್ರ ಕೆಟ್ಟದ್ದು ಎಂಬುದನ್ನು ಹಗುರವಾದದ್ದು, ಗಟ್ಟಿಯಿಲ್ಲದ್ದು ಎಂದು ಇಳಿಸಿಕೊಂಡರು. ಬರಬರುತ್ತ ಗಟ್ಟಿಯಿಲ್ಲದ್ದು ತೆಳುವಾಯಿತು, ತೆಳುವಾದದ್ದು ಚೆಂದವಾಯಿತು. ಬೈಗುಳವೊಂದು ಮುನ್ನೂರೈವತ್ತು ವರ್ಷ ನಡೆದು ಹೊಗಳಿಕೆಯಾಗಿ ನಮ್ಮ ಗಂಗಾವತಿಗೆ ಬಂದು ಇಳಿದಿದೆ. ನನಗೆ ಆಶ್ಚರ್ಯವಿಲ್ಲ. ಮನುಷ್ಯರೂ ಹಾಗೆ ಬಂದು ಇಳಿಯುವುದನ್ನು ನೋಡಿದ್ದೇನೆ.

ನಮ್ಮಲ್ಲೂ ನೋಡು. ಬಡ ಎಂದರೆ ಇಲ್ಲದ್ದು. ಇಲ್ಲದವನು ಬಡವ, ಮೈಯಲ್ಲಿ ಇಲ್ಲದವನು ಬಡಕಲ. ಆದರೆ ನಮ್ಮ ಹಳೆಯ ಕವಿಗಳು ಹೆಣ್ಣಿನ ಸೊಂಟವನ್ನು ವರ್ಣಿಸುವಾಗ ಬಡನಡು ಎಂದು ಬಾಯಿ ಚಪ್ಪರಿಸಿದರು. ಉಂಡವರು ಮಾತ್ರ ಹಸಿವನ್ನು ಅಲಂಕಾರ ಮಾಡಬಲ್ಲರು.

ಎಪ್ಪತ್ತೆರಡರ ಬರದಲ್ಲಿ ಹನುಮಸಾಗರದಲ್ಲಿ ನಮ್ಮ ಮನೆಯ ಮುಂದೆ ಯಾರಾದರೂ ತೆಳ್ಳಗಿನ ಹೆಣ್ಣು ಬೇಕು ಎಂದಿದ್ದರೆ ಅವ್ವ ಒನಕೆ ತರುತ್ತಿದ್ದಳು. ಮರುವರ್ಷ ನಿನ್ನನ್ನು ನೋಡಲು ಗಂಗಾವತಿಯವರು ಬಂದಾಗ, ಹುಡುಗಿ ಬಡಕಲು ಎಂದು ಎದ್ದುಹೋದಾರೆಂಬ ಹೆದರಿಕೆಯಲ್ಲಿ ಅವ್ವ ನಿನಗೆ ಸೀರೆಯ ಒಳಗೆ ಮೂರು ಲಂಗ ಉಡಿಸಿದ್ದಳು. ನೆನಪಿದೆಯೇ? ಕುಳಿತವಳಿಗೆ ಏಳಲಾಗದೆ ನನ್ನ ಕೈ ಹಿಡಿದು ಎದ್ದೆ. ಅವರು ಮೈಕೈ ತುಂಬಿಕೊಂಡ ಹುಡುಗಿ ಎಂದು ಒಪ್ಪಿದರು. ಮೂರು ಲಂಗ ಮಾಡಿದ ಮದುವೆ ನಿನ್ನದು!

ಈಗ ಅದೇ ಮನೆಯ ಮೊಮ್ಮಗಳಿಗೆ ಸ್ಲಿಮ್ ಆಗು ಎನ್ನುತ್ತಾರೆ. ವಿರುಪಣ್ಣನಿಗೆ ಇದನ್ನೆಲ್ಲ ಓದಿ ಹೇಳು. ದೀಪಿಕಾಗೂ ಹೇಳು, ಮಕ್ಕಳಿಗೆ ಹೇಳಲು ಬರುತ್ತದೆ. ಇಂಥ ಪ್ರಶ್ನೆಗಳಿದ್ದರೆ ಇನ್ನೂ ಕಳಿಸು. ಬಹಳ ದಿನಕ್ಕೆ ನಿಘಂಟಿನ ದೂಳು ಝಾಡಿಸಿದೆ.

ಶರಣಬಸಪ್ಪ

*

ಗಂಗಾವತಿ
ಜುಲೈ 3, 2024

ಅಣ್ಣಾ,

ಕಾಗದ ಬಂತು. ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ದೀಪಿಕಾ ನಕ್ಕಳು. "ಕುಕನೂರ ಅಜ್ಜನ ಪ್ರಕಾರ ನಾ ಈಗ ಸೊಟ್ಟ ಆಗಾಕತ್ತೀನಿ" ಎಂದಳು. ವಿರುಪಣ್ಣ ನಗಲಿಲ್ಲ. "ಮಾಮಾಗ ನಿವೃತ್ತಿ ಆಗೇತಿ, ಹೊತ್ತು ಹೋಗಬೇಕಲ್ಲ" ಎಂದು ಕೈ ತೊಳೆದ.

ಇನ್ನೇನು ಆಷಾಢ ಬಂತು. ಅವರು ಶ್ರಾವಣದಲ್ಲಿ ನೋಡಲು ಬರುತ್ತಾರೆ. ಅಷ್ಟರೊಳಗೆ ಇಳಿಸಬೇಕು ಎಂದು ವಿರುಪಣ್ಣ ಹಟ ಹಿಡಿದಿದ್ದಾನೆ. ಅಂಗಡಿಯಲ್ಲಿ ಗೊಬ್ಬರದ ಚೀಲ ತೂಗುವ ಕಾಟಾ ಇದೆಯಲ್ಲ, ಭಾನುವಾರ ಭಾನುವಾರ ಅವಳನ್ನು ಅದರ ಮೇಲೆ ನಿಲ್ಲಿಸುತ್ತಾನೆ. "ದೀಪೀ, ಯೂರಿಯಾ ಚೀಲದ ಮಟ್ಟಕ್ಕ ಬರಬೇಕು ನೋಡವ್ವಾ" ಎಂದು ಚಾಷ್ಟಿ ಮಾಡುತ್ತಾನೆ. ಅವಳೂ ನಗುತ್ತಾಳೆ. ಬೆಳಿಗ್ಗೆ ಅದೇನೋ ಪುಡಿ ನೀರಿನಲ್ಲಿ ಕಲಸಿ ಕುಡಿಯುತ್ತಾಳೆ. ರೊಟ್ಟಿ ಡಬ್ಬಿಯಲ್ಲಿ ಒಯ್ಯುತ್ತಾಳೆ, ಡಬ್ಬಿ ಖಾಲಿ ಬರುತ್ತದೆ.

ಮೊನ್ನೆ ಬಳೆ ಮಾರುವ ಮೆಹಬೂಬಬೀ ಬಂದಿದ್ದಳು. ದೀಪಿಕಾಗೆ ಹಳೆಯ ಅಳತೆ ನಡೆಯುವುದಿಲ್ಲವಂತೆ, ಸಣ್ಣವು ಬೇಕಂತೆ. "ಏನವ್ವಾ, ಬೆಳಿಯೋ ವಯಸ್ಸಿನಾಗ ನಿಮ್ಮ ಹುಡುಗಿ ಹೊಳ್ಳಿ ಹೊಂಟಾಳಲ್ಲ" ಎಂದಳು. ಸೊಸೆ ಅವಳಿಗೆ ನೀರು ಕೂಡ ಕೊಡಲಿಲ್ಲ.

ನಿನ್ನ ಕಾಗದ ಛಲೋ ಇತ್ತು. ಎರಡು ಸಲ ಓದಿದೆ. ನೀನು ಒಮ್ಮೆ ಈ ಕಡೆ ಬರುವುದಿದ್ದರೆ ತಿಳಿಸು. ಅವಸರವೇನಿಲ್ಲ.

ಸಣ್ಣವ್ವ

*

ಕುಕನೂರು
ಜುಲೈ 9, 2024

ತಂಗೀ,

ಕಾಟಾದ ಸುದ್ದಿ ಓದಿ ನಗು ತಡೆಯಲಾಗಲಿಲ್ಲ. ವಿರುಪಣ್ಣನಿಗೆ ಒಂದು ಮಾತು ಹೇಳು. ಯೂರಿಯಾ ಚೀಲವೂ ಮೊದಲು ಐವತ್ತು ಕಿಲೋ ಇತ್ತು, ಈಗ ನಲವತ್ತೈದು. ಅದೂ ಸ್ಲಿಮ್ ಆಗಿದೆ, ಅದನ್ನು ಯಾರಿಗೆ ಮದುವೆ ಮಾಡಿಕೊಡುತ್ತಾರಂತೆ?

ಹುಡುಗಿ ನಗುತ್ತಿದ್ದಾಳೆ ಎಂದರೆ ಚಿಂತೆಯಿಲ್ಲ. ಡಬ್ಬಿ ಖಾಲಿ ಬರುತ್ತದೆ ಎಂದರೆ ಉಣ್ಣುತ್ತಿದ್ದಾಳೆ ಎಂದೇ ಅರ್ಥ. ಆ ವಯಸ್ಸಿನವರಿಗೆ ಇವೆಲ್ಲ ನಾಲ್ಕು ದಿನದ ಹುಚ್ಚು.

ಆದರೆ ನಿನ್ನ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೋದ ವಾರ ಪಿಂಚಣಿಯ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿದ್ದೆ. ಒಂದು ಬೀದಿಯ ಈ ಬದಿಗೆ ತೂಕವಿಲ್ಲದ ಕೂಸುಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ತಾಯಂದಿರು ಮೊಟ್ಟೆ ಹಾಲಿಗೆ ಸಾಲು ನಿಂತಿದ್ದಾರೆ. ಆ ಬದಿಗೆ 'ಸ್ಲಿಮ್ ಆಗಿ, ಸುಂದರವಾಗಿ' ಎಂದು ಆಳೆತ್ತರದ ಬೋರ್ಡು. ನಡುವೆ ಒಂದು ರಸ್ತೆ. ನಾನು ಬೋರ್ಡಿನ ಅಂಗಡಿಗೆ ನುಗ್ಗಿ, "ಈ ಪದಕ್ಕೆ ಮೂಲದಲ್ಲಿ ಏನರ್ಥ ಗೊತ್ತೇನ್ರಿ?" ಎಂದೆ. ಕುರ್ಚಿಯಲ್ಲಿದ್ದ ಹುಡುಗ, "ಅಜ್ಜಾರ, ನಿಮಗ ಇದರ ಅಗತ್ಯ ಇಲ್ರಿ, ನೀವು ಮೊದಲಽ ಆಗೀರಿ" ಎಂದ. ಪತ್ರಿಕೆಗೆ ಬರೆದಿದ್ದೇನೆ. ಪ್ರಕಟಿಸದಿದ್ದರೆ ಮತ್ತೆ ಬರೆಯುತ್ತೇನೆ. ಹಿಂದೆ ಕುಡಿಯುವ ನೀರಿನ ವಿಷಯದಲ್ಲಿ ಅವರು ನನ್ನ ಪತ್ರ ಹಾಕಲು ನಾಲ್ಕು ಸಂಪಾದಕರು ಬದಲಾಗಬೇಕಾಯಿತು. ನಾನು ಬದಲಾಗಲಿಲ್ಲ.

ಅಂದಹಾಗೆ ಇಂಗ್ಲಿಷಿನಲ್ಲಿ ಆಗುವ ಸಂಭವ ಬಹಳ ಕಡಿಮೆ ಎನ್ನುವುದಕ್ಕೂ ಸ್ಲಿಮ್ ಎಂದೇ ಹೇಳುತ್ತಾರೆ. ಈ ಸಂಬಂಧ ಕೂಡಿಬರುವುದೂ ಅಷ್ಟೇ ಸ್ಲಿಮ್ ಆಗಿದ್ದರೆ ನನಗೇನೂ ದುಃಖವಿಲ್ಲ.

ಶ್ರಾವಣ ಕಳೆದ ಮೇಲೆ ಬರುತ್ತೇನೆ.

ಶರಣಬಸಪ್ಪ

*

ಗಂಗಾವತಿ
ಆಗಸ್ಟ್ 5, 2024

ಅಣ್ಣಾ,

ನಿನ್ನೆ ಭಾನುವಾರ ದೀಪಿಕಾ ಕಾಟಾದ ಮೇಲಿಂದ ಇಳಿಯುವಾಗ ಬಿದ್ದಳು. ಕಣ್ಣು ಬಿಟ್ಟೇ ಇದ್ದಳು, ಕರೆದರೆ ಮಾತಿಲ್ಲ. ಹಮಾಲರು ಎತ್ತಿ ಚೀಲಗಳ ಮೇಲೆ ಮಲಗಿಸಿದರು. ಡಾಕ್ಟರು ಸಲೈನ್ ಬಾಟಲಿ ಹಚ್ಚಿ, "ಇವಳು ಊಟ ಬಿಟ್ಟು ಎಷ್ಟು ದಿನ ಆತು?" ಎಂದು ಕೇಳಿದರು. ವಿರುಪಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಡಬ್ಬಿ ಖಾಲಿ ಬರುತ್ತಿತ್ತು. ಯಾಕೆಂದರೆ ಶಾಲೆಯ ಹಿಂದಿನ ಹಸುವಿಗೆ ರೊಟ್ಟಿ ಹಾಕಿ ಬರುತ್ತಿದ್ದಳು. ಕವಿತಾ ಹೇಳಿದಳು. ಅವಳಿಗೆ ಮೊದಲೇ ಗೊತ್ತಿತ್ತಂತೆ, ಅಕ್ಕ ಆಣೆ ಹಾಕಿಸಿದ್ದಳಂತೆ. ತಲೆ ಬಾಚಿದರೆ ಬಾಚಣಿಕೆ ತುಂಬ ಕೂದಲು. ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ಕುಳಿತು ಏಳುತ್ತಾಳೆ.

ಅಣ್ಣಾ, ನಾನು ಪದದ ಅರ್ಥ ಕೇಳಿರಲಿಲ್ಲ. ನೇರವಾಗಿ ಬರೆಯಲು ನನಗೆ ಬಾಯಿ ಬರಲಿಲ್ಲ. ಮಗನ ಮನೆಯಲ್ಲಿ ಇದ್ದುಕೊಂಡು ಮಗನ ಮೇಲೆ ಹೇಗೆ ಬರೆಯಲಿ? ಎಷ್ಟು ತೆಳ್ಳಗೆ ಎಂದು ಕೇಳಿದರೆ ನನ್ನ ಅಣ್ಣ ಯಾಕೆ ಎಂದು ಕೇಳುತ್ತಾನೆ ಅಂದುಕೊಂಡೆ. ನೀನು ಆ ಪದವನ್ನು ದೇಶ ದೇಶ ಸುತ್ತಿಸಿ ತಂದೆ, ನಮ್ಮ ಮನೆಯ ಬಾಗಿಲಿಗೆ ಮಾತ್ರ ತರಲಿಲ್ಲ. ಎರಡನೆಯ ಸಲ ಕಾಟಾ, ಬಳೆ ಎಲ್ಲ ಬರೆದೆ. ನೀನು ನಕ್ಕೆ.

ಮೂರು ಲಂಗದ ಮಾತು ಬರೆದಿದ್ದೆಯಲ್ಲ, ನಿನಗೆ ಗೊತ್ತಿರದ್ದು ಒಂದಿದೆ. ಅವತ್ತು ನನ್ನ ಅತ್ತೆ ಮೋಸ ಹೋಗಿರಲಿಲ್ಲ. ಕುಂಕುಮ ಹಚ್ಚುವ ನೆವದಲ್ಲಿ ನನ್ನ ಮುಂಗೈ ಹಿಡಿದು ನೋಡಿದರು. ಮೈಗೆ ಎಷ್ಟು ಲಂಗ ಉಡಿಸಿದರೂ ಮುಂಗೈಗೆ ಏನು ಉಡಿಸುತ್ತೀರಿ? ಕಿವಿಯಲ್ಲಿ, "ಹೆದರಬ್ಯಾಡ ಮಗಳಽ, ನಮ್ಮದು ನೀರಿನ ಊರು, ತುಂಬಕೊಳ್ತಿ" ಎಂದರು. ಗೊತ್ತಿದ್ದೂ ಒಪ್ಪಿದರು. ಬಂದ ಮೊದಲ ವರ್ಷ ನನ್ನ ತಾಟಿಗೆ ಅವರೇ ಬಡಿಸುತ್ತಿದ್ದರು. ಅಂಥವರ ಮನೆ ಇದು. ಈ ಮನೆಯಲ್ಲಿ ಒಂದು ಕೂಸು ಹಸಿದು ಬಿತ್ತು.

ಹುಡುಗನ ಕಡೆಯವರು 25ರ ಭಾನುವಾರ ಬರುತ್ತಾರೆ. ವಿರುಪಣ್ಣ, "ಇನ್ನೇನು ಮೂರು ವಾರ, ಆಮೇಲೆ ಬೇಕಾದ್ದು ತಿನ್ನಲಿ" ಎನ್ನುತ್ತಾನೆ. ಅವಳೂ ಹೂಂ ಎನ್ನುತ್ತಾಳೆ.

ಈಗ ಏನು ಮಾಡಲಿ ಹೇಳು. ಅರ್ಥ ಬೇಡ.

ಸಣ್ಣವ್ವ

*

ಕುಕನೂರು
ಆಗಸ್ಟ್ 8, 2024

ಸಣ್ಣೀ,

ಕಾಗದವನ್ನು ನಿಂತುಕೊಂಡೇ ಓದಿದೆ. ಕಿವಿ ಹೋದದ್ದು ಗೊತ್ತಿತ್ತು. ಓದುವುದೂ ಬರುವುದಿಲ್ಲ ಎಂದು ಇವತ್ತು ಗೊತ್ತಾಯಿತು. ಇನ್ನು ಅದರ ಬಗ್ಗೆ ಬರೆಯುವುದಿಲ್ಲ, ಕೆಲಸವಿದೆ.

ಮೊದಲು ಊಟ. ಡಾಕ್ಟರು ಏನು ಹೇಳಿದ್ದಾರೋ ಅದನ್ನು ನಿನ್ನ ಕೈಯಾರೆ ಉಣಿಸು. ಆ ಪುಡಿಯ ಡಬ್ಬ ಎತ್ತಿ ಡಾಕ್ಟರ ಮೇಜಿನ ಮೇಲೆ ಇಡು. ವಿರುಪಣ್ಣ ಏನಾದರೂ ಅಂದರೆ ಮಾಮಾ ಹೇಳಿದ್ದಾನೆ ಎನ್ನು.

ಇನ್ನೊಂದು. ಪದದ ಮೂಲ ಹುಡುಕುವುದು ಎಂದರೆ ಈಗಿನ ಬಾಯಿಂದ ಅದರ ಹಿಂದಿನ ಬಾಯಿಗೆ, ಅಲ್ಲಿಂದ ಅದಕ್ಕೂ ಹಿಂದಿನ ಬಾಯಿಗೆ ನಡೆಯುವುದು. ನಾನು ಹಾಲೆಂಡಿಗೆ ಹೋದೆ, ಕುಷ್ಟಗಿಗೆ ಹೋಗಲಿಲ್ಲ. ಈ ಪದ ನಿಮ್ಮ ಮನೆಗೆ ಬಂದದ್ದು ವಿರುಪಣ್ಣನ ಫೋನಿನಿಂದ. ಅವನಿಗೆ ಹೇಳಿದವನು ಪಕ್ಕೀರಪ್ಪ. ಪಕ್ಕೀರಪ್ಪನನ್ನು ನಾನು ಬಲ್ಲೆ. ಅವನ ಅಣ್ಣ ನನ್ನ ವಿದ್ಯಾರ್ಥಿ, ಇವನು ಎ ಬಿ ಸಿ ಡಿ ಕಲಿಸುವ ಮುಂಚೆಯೇ ಶಾಲೆ ಬಿಟ್ಟವನು. ಅವನ ಬಾಯಲ್ಲಿ ಸ್ಲಿಮ್ ಎಂಬ ಪದ ಹೊರಡುವುದು ಹೇಗೆ? ಅವನು ಬೇರೇನೋ ಹೇಳಿದ್ದಾನೆ. ಆ ಮಾತು ಕನ್ನಡದ್ದು. ನಿನ್ನ ಮಗ ಅದನ್ನು ಇಂಗ್ಲಿಷ್ ಮಾಡಿದ್ದಾನೆ.

ಪಕ್ಕೀರಪ್ಪನನ್ನು ಕೂರಿಸಿಕೊಂಡು ಕೇಳು. ಹುಡುಗನ ತಾಯಿ ಯಾವ ಮಾತು ಆಡಿದಳೋ ಅದೇ ಮಾತು, ಅಕ್ಷರ ಬದಲಾಗದೆ ಬೇಕು. ಅರ್ಥ ಕೇಳಬೇಡ, ಅರ್ಥ ಹೇಳಿದವರೇ ಕೆಡಿಸಿದ್ದು.

25ಕ್ಕೆ ನಾನು ಬರುತ್ತೇನೆ.

ಅಣ್ಣ

*

ಗಂಗಾವತಿ
ಆಗಸ್ಟ್ 14, 2024

ಅಣ್ಣಾ,

ಇಲ್ಲಿ ಊರಿಗೆ ಊರೇ ಡ್ಯಾಮಿನ ಗೇಟು ಕೊಚ್ಚಿಹೋದ ಮಾತು. ನಾಟಿ ಮಾಡಿದವರೆಲ್ಲ ಹೊಳೆಗೆ ಹರಿದುಹೋಗುವ ನೀರು ನೋಡಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಆ ಗದ್ದಲದಲ್ಲೇ ನಿನ್ನೆ ಪಕ್ಕೀರಪ್ಪ ಬಂದ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಚಹಾ ಕೊಟ್ಟು ಕೂರಿಸಿಕೊಂಡೆ. ಆಡಿದ ಮಾತು ಆಡಿದ ಹಾಗೆ ಬರೆಯುತ್ತೇನೆ.

"ಪಕ್ಕೀರಪ್ಪಾ, ನಿನಗ ಇಂಗ್ಲಿಷ್ ಬರತೈತೇನೋ?"

"ಎಲ್ಲಿ ಬರತೈತ್ರೀ ಅವ್ವಾರ. ಬಸ್ಸಿನ ಬೋರ್ಡ ಕನ್ನಡದಾಗ ಇದ್ರ ಹತ್ತತೀನಿ, ಇಲ್ಲಾಂದ್ರ ಕಂಡಕ್ಟರ್‌ನ ಕೇಳತೀನಿ."

"ಮತ್ತ ಅವರಿಗೆ ಸ್ಲಿಮ್ ಹುಡುಗಿ ಬೇಕಂತ ಹ್ಯಾಂಗ ಹೇಳಿದಿ?"

"ಸಿಮ್ಮೇನ್ರಿ? ಸಿಮ್ಮಿನ ಮಾತು ನಾ ಎಲ್ಲಿ ಆಡೀನಿ?"

"ಸಿಮ್ಮಲ್ಲೋ ಮಾರಾಯಾ. ಹುಡುಗನ ತಾಯಿ ಏನಂದಳು, ಅದನ್ನ ಅಷ್ಟ ಹೇಳು."

"ಅವರು ಅಂದಿದ್ದು ಒಂದಽ ಮಾತರೀ. ನಮಗ ಸಣ್ಣಾಕಿ ಬೇಕು ಅಂದ್ರು. ನಾ ಅದನ್ನಽ ನಿಮ್ಮ ಮಗಗ ಹೇಳಿದೆ. ಅವರು ಹೂಂ ಹೂಂ ಅಂದು ಫೋನಿನ್ಯಾಗ ಹೊಡಕೊಂಡ್ರು."

ಅಣ್ಣಾ, ಕೈಯಲ್ಲಿಯ ಬಟ್ಟಲು ಕೆಳಗೆ ಇಟ್ಟೆ. ಸಣ್ಣಾಕಿ! ನಿನ್ನ ಮಾತು ಮೀರಿ ಅರ್ಥವನ್ನೂ ಕೇಳಿದೆ. "ಸಣ್ಣಾಕಿ ಅಂದ್ರ ಮೈಯಾಗ ಸಣ್ಣಾಕೇನು, ವಯಸ್ಸಿನಾಗ ಸಣ್ಣಾಕೇನು?"

ಅವನು ಜಂತಿ ನೋಡುತ್ತ, "ಯಲಬುರ್ಗಿ ಮದುವ್ಯಾಗ ನಿಮ್ಮ ಇಬ್ಬರು ಹುಡುಗ್ಯಾರನ್ನೂ ಅವರು ನೋಡ್ಯಾರ್ರಿ. ದೊಡ್ಡಾಕಿ ನೌಕರಿ ಮಾಡತಾಳ, ಎದರ ಮಾತಾಡತಾಳ. ಸಣ್ಣಾಕಿ ಆದ್ರ ಹೇಳಿದಂಗ ಕೇಳತಾಳ ಅಂದ್ರು. ನಿಮ್ಮಲ್ಲೂ ತಯಾರಿ ನಡದೈತಿ ಅಂದ್ರಿ, ಸೈ ಅಂತ ಸುಮ್ಮನಾದೆ" ಎಂದ.

ನೋಡಿದೆಯಾ? ಅವರು ಕೇಳಿದ್ದು ಕವಿತಾಳನ್ನು. ಮೊನ್ನೆ ಹದಿನೆಂಟು ತುಂಬಿದ ಹುಡುಗಿಯನ್ನು. ನಮ್ಮವನು ದೀಪಿಕಾಳನ್ನು ಸಣ್ಣ ಮಾಡಲು ಹೊರಟ. ಒಂದು ಮಾತಿನ ಒಂದು ಅರ್ಥಕ್ಕೆ ಒಬ್ಬ ಮೊಮ್ಮಗಳು, ಇನ್ನೊಂದು ಅರ್ಥಕ್ಕೆ ಇನ್ನೊಬ್ಬಳು.

ಸಂಜೆ ವಿರುಪಣ್ಣನಿಗೆ ಹೇಳಿದೆ. ನಾಚಿಕೊಳ್ಳುತ್ತಾನೆ ಅಂದುಕೊಂಡೆ. ಅವನು, "ಬರಲಿ ಬಿಡವ್ವಾ. ದೀಪಿನ್ನ ಒಪ್ಪಿದ್ರ ಒಪ್ಪಿದ್ರು, ಇಲ್ಲಾಂದ್ರ ಕವಿತಾ ಅದಾಳಲ್ಲ. ಇಂಥ ಮನಿ ಮತ್ತ ಸಿಗಂಗಿಲ್ಲ" ಎಂದ. ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ದೀಪಿಕಾಗೆ ಹೇಳಿದರೆ ಅವಳು ನಂಬಲಿಲ್ಲ. "ಅಪ್ಪಾಜಿ ಇಂಗ್ಲಿಷ್ ತಪ್ಪು ಮಾಡಂಗಿಲ್ಲ ಅಜ್ಜೀ. ನನಗ ರೊಟ್ಟಿ ತಿನ್ನಿಸಾಕ ನೀ ಕತಿ ಕಟ್ಟಾಕತ್ತಿ" ಎಂದು ತಾಟು ಸರಿಸಿದಳು.

ಪುಡಿಯ ಡಬ್ಬ ಡಾಕ್ಟರಿಗೆ ಕೊಟ್ಟು ಬಂದೆ. ಗಂಜಿ, ಮಜ್ಜಿಗೆ, ಸಿಕ್ಕಿದ್ದನ್ನು ಕುಡಿಸುತ್ತಿದ್ದೇನೆ. ಅರ್ಧ ಕುಡಿಯುತ್ತಾಳೆ.

ನೀನು 25ಕ್ಕೆ ಬರಬೇಡ. ನೀನು ಬಂದರೆ ಪಡಸಾಲೆಯಲ್ಲಿ ಡಚ್ಚರನ್ನು ಕೂರಿಸುತ್ತಿ. ಅವರಿಗೆ ನುಣುಚಿಕೊಳ್ಳಲು ಅದೇ ಬೇಕು. ಈ ಮಾತು ಆಡಬೇಕಾದವಳು ಮನೆಯಲ್ಲೇ ಇದ್ದಾಳೆ.

ಸಣ್ಣವ್ವ

*

ಕುಕನೂರು
ಆಗಸ್ಟ್ 18, 2024

ಸಣ್ಣೀ,

ನಿನ್ನ ಮಾತಿಗೆ ಒಪ್ಪಿದೆ. ಬರುವುದಿಲ್ಲ. ಆದರೆ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಕವಿತಾ ಮದುವೆಗೆ ಒಲ್ಲೆ ಎಂದಾಗ ಯಾರಾದರೂ ಅವಳ ಬಾಯಿ ಮುಚ್ಚಿಸಿದರೆ, ಅವಳು ಓದುವುದು ನನ್ನ ಮನೆಯಲ್ಲಿ ಎಂದು ವಿರುಪಣ್ಣನಿಗೆ ತಿಳಿಸು. ಇದು ಸಿಟ್ಟಿನಲ್ಲಿ ಬರೆದದ್ದಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಹಾಕಿ, ಎರಡನೆಯ ಸಲ ಬರೆದದ್ದು.

ಪತ್ರಿಕೆಯವರು ನನ್ನ ಪತ್ರ ಹಾಕಿದರು. ಓದಿದವರು ಹೊಗಳಿದರು. ನನಗೆ ಏನೂ ಅನ್ನಿಸಲಿಲ್ಲ.

ಅಣ್ಣ

*

ಗಂಗಾವತಿ
ಆಗಸ್ಟ್ 27, 2024

ಅಣ್ಣಾ,

ಚೀಲ ಬಿಚ್ಚು. ಬಟ್ಟೆ ಗೂಟಕ್ಕೆ ಹಾಕು.

ಅವರು ಭಾನುವಾರ ಹನ್ನೊಂದರ ಹೊತ್ತಿಗೆ ಬಂದರು. ಹುಡುಗ, ತಾಯಿ, ತಂದೆ, ಹಿಂದೆ ಪಕ್ಕೀರಪ್ಪ. ಹುಡುಗ ಮೂವತ್ತು ದಾಟಿದವನು, ಮೆತ್ತಗಿನವನು. ತಾಯಿಯ ಮುಖ ನೋಡಿ ಚಹಾ ಕುಡಿಯುವಂಥವನು. ಸೊಸೆ ಮಿರ್ಚಿ ಭಜಿ, ಮಂಡಕ್ಕಿ ಮಾಡಿದ್ದಳು. ವಿರುಪಣ್ಣ ದೀಪಿಕಾಳ ಕೈಗೆ ತಾಟು ಕೊಟ್ಟು ಕಳಿಸಿದ. ಅವಳಿಗೆ ಹೊಸ ಸೀರೆ ಉಡಿಸಿದ್ದರು. ಸೀರೆ ಗೂಟಕ್ಕೆ ಹಾಕಿದಂತೆ ಕಾಣುತ್ತಿತ್ತು.

ಹುಡುಗನ ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಕಿ ದೊಡ್ಡಾಕಿ ಅಲ್ಲೇನ್ರಿ? ಮದುವ್ಯಾಗ ನೋಡಿದಾಗ ಹೆಂಗ ಕೆಂಪಗ ತುಂಬಕೊಂಡಿದ್ಲು. ಹಿಂಗ್ಯಾಕ ಸೊರಗ್ಯಾಳ? ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದಳು. ಚುಚ್ಚಿ ಕೇಳಲಿಲ್ಲ ಅಣ್ಣಾ. ನಿಜವಾಗಿ ಮರುಗಿ ಕೇಳಿದಳು. ಅದೇ ತಡೆಯಲಾಗಲಿಲ್ಲ.

ದೀಪಿಕಾ ಮೊದಲು ಅಪ್ಪನನ್ನು ನೋಡಿದಳು. ವಿರುಪಣ್ಣ ನೆಲ ನೋಡುತ್ತಿದ್ದ. ಆಮೇಲೆ ಅವಳಿಗೆ ನಗು ಬಂತು. ತಾಟು ಅಲುಗಾಡುವಷ್ಟು ನಗು. ನಗುತ್ತ ನಗುತ್ತ ತಾಟನ್ನು ಟೀಪಾಯಿಯ ಮೇಲೆ ಇಟ್ಟು, ಬೀಗರ ಮುಂದಿನ ಖಾಲಿ ಕುರ್ಚಿಯಲ್ಲಿ ಕುಳಿತು, ಒಂದು ಮಿರ್ಚಿ ತೆಗೆದುಕೊಂಡು ಕಚ್ಚಿದಳು. ಕಣ್ಣಲ್ಲಿ ನೀರು. ಖಾರಕ್ಕೋ ಏನೋ. "ತಿನ್ರಿ, ಆರತಾವು" ಎಂದು ಅವರಿಗೂ ಹೇಳಿದಳು. ಹುಡುಗ ಹೆದರಿ ಒಂದು ತೆಗೆದುಕೊಂಡ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹುಡುಗನ ತಾಯಿ ಪಕ್ಕೀರಪ್ಪನಿಗೆ, "ನಾ ಸಣ್ಣಾಕಿ ಅಂದಿದ್ದೆ ಅಲ್ಲಪಾ?" ಎಂದಳು. ಆಗ ವಿರುಪಣ್ಣ ಎದ್ದ. ಗಂಟಲು ಸರಿಮಾಡಿಕೊಂಡು, "ಕವಿತಾ, ಹೊರಗ ಬಾ ಇಲ್ಲೆ" ಎಂದ. ಅಡುಗೆ ಮನೆಯ ಬಾಗಿಲ ಹಿಂದೆ ಕವಿತಾ ನನ್ನ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು. ನಾಡಿ ನೋಡುವ ಹುಡುಗಿಯ ಕೈ ತಣ್ಣಗಾಗಿತ್ತು. ಅವಳ ಕೈ ಬಿಡಿಸಿ, ಬಾಗಿಲಲ್ಲಿ ನಾನೇ ಬಂದು ನಿಂತೆ. ನನ್ನ ಮೈ ಈಗ ಹೇಗಿದೆ ನಿನಗೆ ಗೊತ್ತಲ್ಲ, ನಾನು ನಿಂತರೆ ಬಾಗಿಲಲ್ಲಿ ಬೆಕ್ಕಿಗೂ ದಾರಿಯಿಲ್ಲ.

"ಸಣ್ಣಾಕಿ ಬೇಕಂದ್ರಿ, ಬಂದೀನಿ" ಎಂದೆ.

ಹುಡುಗನ ತಾಯಿ ಬಾಯಿ ತೆರೆದಳು.

"ಈ ಮನ್ಯಾಗ ಸಣ್ಣಾಕಿ ಅಂದ್ರ ನಾ ಒಬ್ಬಾಕೀನಽ ರಿ. ಹೆಸರಽ ಸಣ್ಣವ್ವ. ಅಪ್ಪ ಅವ್ವ ಇಟ್ಟಿದ್ದು, ಇಂಗ್ಲಿಷ್ ಮಾಡಿಲ್ಲ, ಪುಡಿ ಕುಡಿಸಿಲ್ಲ. ನನಗ ವಯಸ್ಸು ಅರವತ್ತೇಳು. ನೌಕರಿ ಇಲ್ಲ. ಎದರ ಮಾತ್ರ ಭಾಳ ಮಾತಾಡತೀನಿ. ಒಪ್ಪಿಗಿ ಇದ್ರ ಹೇಳ್ರಿ, ಶ್ರಾವಣ ಮುಗಿಯೂದರಾಗ ಮಾಡಿಬಿಡೂಣು. ಉಳಿದವರು ಒಬ್ಬಾಕಿ ಸಾಲಿ ಕಲಸಾಕಿ, ಇನ್ನೊಬ್ಬಾಕಿ ಸಾಲಿ ಕಲಿಯಾಕಿ. ಅವರಿಬ್ಬರ ಲಗ್ನದ ಮಾತು ಅವರು ತಾವಾಗಿ ತೆಗೀಬೇಕು."

"ಯವ್ವಾ" ಎಂದ ವಿರುಪಣ್ಣ.

"ನೀ ಸುಮ್ಮನಿರು. ನಿನ್ನನ್ನ ಹಡದಾಗ ಕಾಟಾದ ಮ್ಯಾಲೆ ಇಟ್ರೂ ಮುಳ್ಳು ಅಲಗತಿದ್ದಿಲ್ಲ, ಅಷ್ಟು ಸಣ್ಣ ಇದ್ದಿ. ತೂಕಾ ನೋಡಿ ಒಗದಿಲ್ಲ ನಿನ್ನ."

ಹುಡುಗನ ತಂದೆ ಮೊದಲು ನಕ್ಕರು. ದೊಡ್ಡ ಮನುಷ್ಯ. ಎದ್ದು ಕೈಮುಗಿದು, "ಅವ್ವಾ, ನಮ್ಮ ಹುಡುಗಗ ನಿಮ್ಮಂಥಾಕಿ ತಡಿಯಂಗಿಲ್ರಿ" ಎಂದು ಹೆಂಡತಿಯನ್ನು ಎಬ್ಬಿಸಿದರು. ಹುಡುಗ ಹೋಗುವಾಗ ದೀಪಿಕಾಗೆ, "ಭಜಿ ಛಲೋ ಇದ್ದೂರಿ" ಎಂದ. ಅವನ ಬಾಯಿಂದ ಬಂದ ಮಾತು ಅದೊಂದೇ. ಪಕ್ಕೀರಪ್ಪ ಯಾವಾಗ ಚಪ್ಪಲಿ ಮೆಟ್ಟಿಕೊಂಡನೋ ಯಾರೂ ನೋಡಲಿಲ್ಲ.

ವಿರುಪಣ್ಣ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಮಾತಾಡದಿರಲಿ, ನಾನು ಇಲ್ಲಿಯೇ ಇರುತ್ತೇನೆ. ನೀನು ಕವಿತಾ ಬಗ್ಗೆ ಬರೆದದ್ದನ್ನು ಓದಿ ಹೇಳಿದೆ. ಕೇಳಿಸಿಕೊಂಡು ಅಂಗಡಿಗೆ ಎದ್ದುಹೋದ. ಆದರೆ ಇವತ್ತು ಅಂಗಡಿಗೆ ಹೋದಾಗ ನೋಡಿದೆ, ಕಾಟಾದ ಮೇಲೆ ಆಳೆತ್ತರ ಚೀಲ ಒಟ್ಟಿಸಿದ್ದಾನೆ. ಅದರ ಮೇಲೆ ಯಾರೂ ನಿಲ್ಲುವ ಹಾಗಿಲ್ಲ. ಅವನು ಒಟ್ಟಿಸಿದ್ದೋ ಹಮಾಲರು ತಾವಾಗಿ ಒಟ್ಟಿದ್ದೋ, ನಾನು ಕೇಳಲಿಲ್ಲ. ದೀಪಿಕಾ ಒಂದು ರೊಟ್ಟಿಗೆ ಬಂದಿದ್ದಾಳೆ. ಎರಡನೆಯದನ್ನು ಮುರಿದು ತಾಟಿನಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತಾಳೆ. ಡಾಕ್ಟರು ತಿಂಗಳುಗಟ್ಟಲೆ ಬೇಕು ಎಂದಿದ್ದಾರೆ. ಬೇಕಾದಷ್ಟು ಆಗಲಿ. ನನ್ನ ಅತ್ತೆ ನನಗೆ ಬಡಿಸಿದ ಹಾಗೆ ನಾನು ಪಕ್ಕದಲ್ಲಿ ಕುಳಿತು ಬಡಿಸುತ್ತೇನೆ.

ಈಗ ಒಂದು ಮಾತು ಕೇಳುತ್ತೇನೆ, ಇದರ ಹಿಂದೆ ಬೇರೆ ಏನೂ ಇಲ್ಲ, ಹೆದರಬೇಡ. ಸಣ್ಣ ಎಂಬ ಪದ ಎಲ್ಲಿಂದ ಬಂತು? ನಮ್ಮದೋ, ಯಾರಿಂದಲಾದರೂ ತಂದದ್ದೋ? ನಿನ್ನ ದೊಡ್ಡ ನಿಘಂಟು ಇಳಿಸು. ಅವಸರ ಮಾಡದೆ ಉದ್ದಕ್ಕೆ ಬರಿ. ಇಬ್ಬರೂ ಹುಡುಗಿಯರು ಊಟದ ಹೊತ್ತಿಗೆ ಓದಿಸಿ ಕೇಳುತ್ತಾರಂತೆ. ಕಾಗದ ಉದ್ದವಿದ್ದಷ್ಟೂ ತಾಟಿನ ಮುಂದೆ ಕುಳಿತಿರುತ್ತಾರೆ.

ನಿನ್ನ
ಸಣ್ಣಾಕಿ